ಎರಡೂಕಾಲಿನ ಗಾಡಿ ಮತ್ತು ಹೆಟ್ಟಿ ಸಗ್ಡನ್

ಅರ್ನಾಲ್ಡ್ ಸಗ್ಡನ್ ತನ್ನ ಜೀವಮಾನದಲ್ಲಿ ತೆಗೆದ ಫೋಟೋಗಳು ಆರು ಸಾವಿರದ ಚಿಲ್ಲರೆ. ಎಲ್ಲವೂ ಉಗಿ ಎಂಜಿನ್ ಎಳೆಯುವ ಪ್ಯಾಸೆಂಜರ್ ಗಾಡಿಗಳವೇ. ಅವನ್ನೆಲ್ಲ ಒಂದೊಂದಾಗಿ ನೋಡಿದವನು ಅವನನ್ನು ಬಿಟ್ಟರೆ ನಾನೊಬ್ಬನೇ, ಹಾಗಾಗಿ ಹೇಳುವ ಹಕ್ಕು ನನಗಿದೆ: ಚೆನ್ನಾಗಿವೆ. ಬಹಳ ಚೆನ್ನಾಗಿಯೇನೂ ಇಲ್ಲ. ಬಿಸಿಲು ಸರಿಯಾದ ಕಡೆಯಿಂದ ಬಿದ್ದಿದೆ, ಎಂಜಿನ್ನಿನ ನಂಬರು ಓದಲು ಬರುತ್ತದೆ, ಚಕ್ರಗಳು ಮಸುಕಾಗಿಲ್ಲ. ನಮ್ಮ ಮಂದಿಗೆ ಇಷ್ಟಾದರೆ ಸಾಕು.

ನಮ್ಮ ಮಂದಿ ಎಂದರೆ ಒಂಬತ್ತು ಜನ. ಯಾರ್ಕ್‌ಶೈರಿನ ಗುಡ್ಡಗಳ ಆಚೀಚೆ ಚದುರಿಹೋಗಿದ್ದ ನಮ್ಮನ್ನು ಕಟ್ಟಿಹಾಕಿದ್ದು ಒಂದು ತಗಡಿನ ಪೆಟ್ಟಿಗೆ. ಅದು ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಿತ್ತು. ಪೆಟ್ಟಿಗೆ ಬಂದಾಗ ನಮ್ಮ ಹಳೆಯ ಫೋಟೋ ತೆಗೆದುಕೊಂಡು ಹೊಸದೊಂದನ್ನು ಇಡಬೇಕು, ಉಳಿದ ಎಂಟು ಫೋಟೋಗಳ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ನಮ್ಮ ಅಭಿಪ್ರಾಯ ಬರೆಯಬೇಕು, ನಾಲ್ಕು ದಿನದೊಳಗೆ ಮುಂದಿನವರಿಗೆ ಸಾಗಿಸಬೇಕು. ಎದುರಿಗೆ ಸಿಕ್ಕರೆ ಟೋಪಿ ಎತ್ತಿ ನಮಸ್ಕರಿಸುವ ಜನ ಚೀಟಿಯ ಮೇಲೆ ಒಬ್ಬರನ್ನೊಬ್ಬರು ಕಚ್ಚುತ್ತಿದ್ದೆವು. ಕಂಬವೊಂದು ಎಂಜಿನ್ನಿನ ತಲೆಯ ಮೇಲೆ ಮೊಳೆತಂತಿದೆ ಎಂದು ನನ್ನ ಫೋಟೋಗೆ ಬರೆದವನನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ.

ಪೆಟ್ಟಿಗೆಯ ಸುತ್ತಿನಲ್ಲಿ ನಾಲ್ಕನೆಯವರು ಆರ್ಮರಾಡ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿದ್ದರೂ ತಿದ್ದುವ ಚಟದಿಂದ ನಿವೃತ್ತರಾಗಿರಲಿಲ್ಲ. ಪೆಟ್ಟಿಗೆಯ ನಿಯಮಗಳೆಲ್ಲ ಅವರು ಬರೆದವೇ. ಅದರಲ್ಲಿ ಮುಖ್ಯವಾದದ್ದು, ಚಿತ್ರದೊಳಗೆ ಜನ ಬರಕೂಡದು. ಡ್ರೈವರ್ ಮತ್ತು ಫೈರ್‌ಮನ್ ಎಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಅವರಿಬ್ಬರಿಗೆ ಮಾತ್ರ ಮಾಫಿ. ಐದನೆಯವನು ಸಗ್ಡನ್, ಆರನೆಯವನು ನಾನು. ಸಗ್ಡನ್ ಹೆಬ್‌ಲಿಯ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ, ನಾನು ಪಕ್ಕದ ಊರಿನಲ್ಲಿ ಮೊಳೆ, ಬೀಗ, ಬಕೆಟ್ಟು ಮಾರುವವನು. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿಗೆ ಅಂಚೆ ಯಾಕೆಂದು ಪ್ರತಿ ಸಲವೂ ನಾನೇ ಅವನ ಮನೆಗೆ ಹೋಗಿ ಪೆಟ್ಟಿಗೆ ತರುತ್ತಿದ್ದೆ. ನಿಜ ಹೇಳಬೇಕೆಂದರೆ ಹೋಗುತ್ತಿದ್ದದ್ದು ಹೆಟ್ಟಿ ಮಾಡುವ ಶುಂಠಿ ಕೇಕಿಗೆ.

ಹೆಟ್ಟಿ ಸಗ್ಡನ್ನನ ಹೆಂಡತಿ. ಮಕ್ಕಳಿರಲಿಲ್ಲ. ಮದುವೆಯಾದ ಮೊದಲ ಶನಿವಾರದಿಂದಲೂ ಅವಳು ಗಂಡನ ಜೊತೆ ಹಳಿ ಬದಿಗೆ ಬರುತ್ತಿದ್ದಳು. ಬರುತ್ತಿದ್ದಳು ಎಂದರೆ ಬೇಲಿಯವರೆಗೆ. ಹಳಿಯ ಪಕ್ಕ ನಿಂತು ಫೋಟೋ ತೆಗೆಯಲು ರೈಲ್ವೆಯವರು ಸಗ್ಡನ್ನನಿಗೆ ಕೊಟ್ಟಿದ್ದ ಪರವಾನಗಿ, ನನ್ನದರ ಹಾಗೆಯೇ, ಒಬ್ಬರ ಹೆಸರಿನಲ್ಲಿತ್ತು. ಹಾಗಾಗಿ ಅವನು ಬೇಲಿ ದಾಟಿ ಆ ಕಡೆ, ಅವಳು ಮಡಚುವ ಸ್ಟೂಲು, ಚಹಾದ ಫ್ಲಾಸ್ಕು, ಹೆಣಿಗೆಯ ಜೊತೆ ಈ ಕಡೆ. ಇಪ್ಪತ್ತೆರಡು ವರ್ಷ ಹಾಗೆ ಕೂತಳು. ಗಾಳಿ ಎತ್ತ ಬೀಸಿದರೆ ಹೊಗೆ ಎತ್ತ ಹೋಗುತ್ತದೆ ಎಂದು ನಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಒಮ್ಮೆ ಸಗ್ಡನ್ನನ ಫೋಟೋ ಒಂದರ ಬಲಮೂಲೆಯಲ್ಲಿ ಅವಳ ಟೋಪಿಯ ಅಂಚು ಬಂದುಬಿಟ್ಟಿತು. ಉಗುರಿನಷ್ಟೂ ಇರಲಿಲ್ಲ. ಆರ್ಮರಾಡ್ ಮೇಷ್ಟ್ರು ಚೀಟಿಯಲ್ಲಿ ಬರೆದರು: "ಹೆಂಗಸಿನ ಟೋಪಿ ಅಡ್ಡ ಬಂದಿದೆ. ಇಲ್ಲದಿದ್ದರೆ ಒಳ್ಳೆಯ ಚಿತ್ರ." ಸಗ್ಡನ್ ಅದನ್ನು ಹೆಂಡತಿಯ ಎದುರಿಗೇ ಓದಿ, ಮೇಷ್ಟ್ರು ಹೇಳೋದು ಸರಿ ಅಂದ. ಮುಂದಿನ ಶನಿವಾರದಿಂದ ಹೆಟ್ಟಿಯ ಸ್ಟೂಲು ಬೇಲಿಯಿಂದ ಹತ್ತು ಹೆಜ್ಜೆ ಹಿಂದಕ್ಕೆ ಹೋಯಿತು. ಆಮೇಲೆ ಅವಳು ನನ್ನ ಮುಂದೆ ಕೇಕಿನ ತಟ್ಟೆ ಇಡುವಾಗಲೆಲ್ಲ, ತಟ್ಟೆ ನಿಮಗೆ ಅಡ್ಡ ಬರ್ತಿಲ್ಲ ತಾನೇ ಎಂದು ಕೇಳುತ್ತಿದ್ದಳು.

ಐವತ್ತೊಂಬತ್ತನೆಯ ಇಸವಿಯ ಸೆಪ್ಟೆಂಬರಿನಲ್ಲಿ ಕ್ರಿಮ್ಸ್‌ಡೇಲ್ ಕವಲು ದಾರಿ ಮುಚ್ಚುವುದೆಂದು ಗೊತ್ತಾಯಿತು. ಎರಡು ಬೋಗಿಯ ಗಾಡಿ, ಅದರಲ್ಲೂ ಮುಕ್ಕಾಲು ಪಾಲು ಖಾಲಿ. ಕೊನೆಯ ಗಾಡಿ ಶನಿವಾರ ರಾತ್ರಿ ಏಳೂಮುಕ್ಕಾಲಿಗೆ. ಕತ್ತಲಲ್ಲಿ ಹೋಗುವ ಗಾಡಿಯನ್ನು ನಾವು ಗಾಡಿ ಎಂದು ಎಣಿಸುವುದಿಲ್ಲ. ನಮ್ಮ ಪಾಲಿಗೆ ಕೊನೆಯದು ಮಧ್ಯಾಹ್ನ ಎರಡೂಕಾಲಿನದು.

ಅದೇ ವಾರ ಹೆಟ್ಟಿಗೆ ಆಸ್ಪತ್ರೆಯಿಂದ ಕಾಗದ ಬಂದಿತ್ತು. ಹೊಟ್ಟೆಯಲ್ಲಿ ಏನೋ ಗಡ್ಡೆ, ಸೋಮವಾರ ಬಂದು ಸೇರಬೇಕು, ಶುಕ್ರವಾರ ಆಪರೇಷನ್. ಸಗ್ಡನ್ ಈ ಎರಡು ಸುದ್ದಿಗಳನ್ನೂ ನನಗೆ ಒಂದೇ ಉಸಿರಿನಲ್ಲಿ ಹೇಳಿದ. ಗಾಡಿಯದನ್ನು ಮೊದಲು ಹೇಳಿದ.

ಶನಿವಾರ ಬಿಸಿಲು ಚೆನ್ನಾಗಿತ್ತು. ಕ್ರಿಮ್ಸ್‌ಡೇಲ್ ಏರಿನ ತಿರುವಿನಲ್ಲಿ, ಬೇಲಿಯ ಒಳಗೆ, ನಾವಿಬ್ಬರೇ ನಿಂತಿದ್ದೆವು, ಬೇರೆಯವರೆಲ್ಲ ಸ್ಟೇಷನ್ನಿಗೆ ಹೋಗಿದ್ದರು. ಸಗ್ಡನ್ನನದು ಗಾಜಿನ ಪ್ಲೇಟು ಹಾಕುವ ಹಳೆಯ ಕಾಲದ ಕ್ಯಾಮೆರಾ. ಆ ಅಳತೆಯ ಪ್ಲೇಟುಗಳು ಅಂಗಡಿಯಲ್ಲಿ ಸಿಗುವುದೇ ಅಪರೂಪವಾಗಿತ್ತು. ಅವತ್ತು ಅವನ ಹತ್ತಿರ ಇದ್ದದ್ದು ಎರಡೇ. ಒಂದೇ ಮರದ ಚೌಕಟ್ಟಿನಲ್ಲಿ ಈ ಬದಿಗೊಂದು, ಆ ಬದಿಗೊಂದು. ಒಂದು ಗಾಡಿ ಹೋಗುವಾಗ, ಇನ್ನೊಂದು ಅದು ಮರಳುವಾಗ. ಅವನು ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಹಳಿಯ ಅಡ್ಡದಿಮ್ಮಿ ಒಂದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಗೆ ಅಳತೆ ಹಿಡಿದು ಫೋಕಸ್ ಬಿಗಿಮಾಡಿದ. ಎಂಜಿನ್ನಿನ ಮೂತಿ ಆ ಗುರುತಿಗೆ ಬಂದಾಗ ಗುಂಡಿ ಒತ್ತಬೇಕು.

ಆಗ ಹೆಟ್ಟಿ ಸ್ಟೂಲು ಬಿಟ್ಟೆದ್ದು ಬೇಲಿಯ ಹತ್ತಿರ ಬಂದಳು. ನೀಲಿ ಬಣ್ಣದ ಹೊಸ ಕೋಟು ಹಾಕಿಕೊಂಡಿದ್ದಳು.

"ಅರ್ನಾಲ್ಡ್, ಇವತ್ತು ನಂದೂ ಒಂದು ತೆಗಿ."

"ನಿಂದು ಯಾಕೆ?"

"ಮದುವೇದು ಬಿಟ್ರೆ ನಂದು ಒಂದೂ ಇಲ್ಲ. ಅದ್ರಲ್ಲೂ ಅರ್ಧ ಮುಖ ನಿಮ್ಮಮ್ಮನ ಟೋಪಿ ಹಿಂದೆ. ನಾಡಿದ್ದು ಆಸ್ಪತ್ರೆಗೆ ಹೋಗ್ತೀನಿ. ಹೆಚ್ಚುಕಮ್ಮಿ ಆದ್ರೆ ನೋಡ್ಕೊಳ್ಳೋಕೆ ನಿಂಗೊಂದು ಬೇಡ್ವಾ?"

"ಏನೂ ಆಗಲ್ಲ."

"ಆಗ್ದಿದ್ರೆ ಇನ್ನೂ ಒಳ್ಳೇದು. ಕೋಟಾದ್ರೂ ಬಂದಿರುತ್ತೆ."

ಸಗ್ಡನ್ ಗಡಿಯಾರ ನೋಡಿದ. ಗಾಡಿಗೆ ಇನ್ನೂ ಇಪ್ಪತ್ತೈದು ನಿಮಿಷ ಇತ್ತು, ಸಿಗ್ನಲ್ ಬಿದ್ದಿರಲಿಲ್ಲ. ಅವನು ಪರವಾನಗಿಯ ಕಾಗದವನ್ನು ಜೇಬಿನಿಂದ ತೆಗೆದು ನೋಡಿ, ಅದು ಇನ್ನೂ ಒಬ್ಬರ ಹೆಸರಿನಲ್ಲೇ ಇರುವುದನ್ನು ಖಚಿತ ಮಾಡಿಕೊಂಡು, ಮತ್ತೆ ಜೇಬಿಗೆ ಹಾಕಿದ. ಆಮೇಲೆ ಹೆಂಡತಿಯ ಕೈ ಹಿಡಿದು ಬೇಲಿ ದಾಟಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಮುರಿದ ಮೊದಲ ನಿಯಮ ಅದು. ಹಳಿಯ ಮೇಲೆ ನಡೆಸಿಕೊಂಡು ಹೋಗಿ, ಫೋಕಸ್ ಮತ್ತೆ ಬದಲಿಸುವುದು ಬೇಡವೆಂದು, ಅವಳನ್ನು ಸೀಮೆಸುಣ್ಣದ ಗುರುತಿನ ಮೇಲೇ ನಿಲ್ಲಿಸಿದ. ಅವಳು ಎರಡೂ ಕೈಯಲ್ಲಿ ಕೈಚೀಲ ಹಿಡಿದು ನೆಟ್ಟಗೆ ನಿಂತಳು. ಸ್ವಲ್ಪ ನಗು ಎಂದು ಅವನು ಹೇಳಲಿಲ್ಲ, ಎಂಜಿನ್ನುಗಳಿಗೆ ಹಾಗೆ ಹೇಳಿ ಅಭ್ಯಾಸವಿರಲಿಲ್ಲ. ಅವಳಾಗಿಯೇ ನಕ್ಕಳು.

ನಾನು ಹತ್ತು ಮಾರು ಆಚೆ ಇದ್ದೆ. ನನ್ನ ಕ್ಯಾಮೆರಾದಲ್ಲಿ ಹನ್ನೆರಡು ಚಿತ್ರದ ಹೊಸ ರೋಲು ಇತ್ತು. ಒಂದನ್ನು ಹೆಟ್ಟಿಗೆ ಕೊಡಬಹುದಾಗಿತ್ತು. ಕೊಡಲಿಲ್ಲ. ಇವಳು ಬೇಗ ಹಳಿ ಬಿಟ್ಟು ಹೋಗಬಾರದೇ ಎಂದು ಮನಸ್ಸಿನಲ್ಲೇ ಗೊಣಗುತ್ತ ನಿಂತೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮುಂದೆ ಆದದ್ದು ಹೀಗೆ. ಸಗ್ಡನ್ನನಿಗೆ ಒಂದು ಪದ್ಧತಿ ಇತ್ತು. ಫೋಟೋ ತೆಗೆದ ತಕ್ಷಣ ಪುಸ್ತಕದಲ್ಲಿ ಎಂಜಿನ್ನಿನ ನಂಬರು ಬರೆಯುತ್ತಿದ್ದ. ನಂಬರು ಬರೆದು ಪುಸ್ತಕ ಜೇಬಿಗೆ ಹಾಕಿದ ಕೈಯಲ್ಲೇ ಚೌಕಟ್ಟನ್ನು ತಿರುಗಿಸಿ ಹಾಕುತ್ತಿದ್ದ, ಬಳಸದ ಪ್ಲೇಟು ಮುಂದಕ್ಕೆ ಬರುವಂತೆ. ನಂಬರು ಬರೆಯದೆ ಅವನು ಚೌಕಟ್ಟು ತಿರುಗಿಸಿದ್ದೇ ಇಲ್ಲ. ಹೆಟ್ಟಿಗೆ ನಂಬರು ಇರಲಿಲ್ಲ. ಅವನು ಪುಸ್ತಕ ತೆಗೆಯಲಿಲ್ಲ, ಚೌಕಟ್ಟನ್ನೂ ತಿರುಗಿಸಲಿಲ್ಲ. ಹೆಂಡತಿಯನ್ನು ಜೋಪಾನವಾಗಿ ಬೇಲಿ ದಾಟಿಸಿ ಬಂದು ಗಾಡಿಗೆ ಕಾದ.

ಗಾಡಿ ಬಂತು. ಮೂತಿಗೆ ಯಾರೋ ಹೂವಿನ ಚಕ್ರ ಕಟ್ಟಿದ್ದರು. ನಾವು ನಿಂತದ್ದು ಕಂಡು ಡ್ರೈವರ್ ಧಾರಾಳವಾಗಿ ಹೊಗೆ ಬಿಟ್ಟ. ಸಗ್ಡನ್ ಗುಂಡಿ ಒತ್ತಿದ, 40958 ಎಂದು ಬರೆದ, ಚೌಕಟ್ಟು ತಿರುಗಿಸಿದ. ಆದರೆ ಗಾಡಿ ಮರಳುವಾಗ ಫೋಟೋ ತೆಗೆಯಲಿಲ್ಲ. ಎರಡೂ ಪ್ಲೇಟು ಮುಗಿದವಲ್ಲ ಎಂದ. ನಾವು ಮೂವರೂ ಫ್ಲಾಸ್ಕಿನ ಚಹಾ ಕುಡಿದು ಬಸ್ಸು ಹಿಡಿದೆವು.

ಚಿತ್ರ ಮೂಡಿಸಲು ಪ್ಲೇಟು ತೊಳೆಯುವುದು ಬುಧವಾರ ಸಂಜೆ. ಅದೂ ಒಂದು ಪದ್ಧತಿ. ಬುಧವಾರ ಹೆಟ್ಟಿ ಚರ್ಚಿನ ಹೆಂಗಸರ ಸಭೆಗೆ ಹೋಗುತ್ತಿದ್ದುದರಿಂದ ಅಡುಗೆಮನೆಯ ತೊಟ್ಟಿ ಖಾಲಿ ಸಿಗುತ್ತಿತ್ತು. ಈ ವಾರ ಅವಳು ಸೋಮವಾರವೇ ಆಸ್ಪತ್ರೆ ಸೇರಿದ್ದಳು, ತೊಟ್ಟಿ ಎಲ್ಲ ದಿನವೂ ಖಾಲಿಯೇ ಇತ್ತು, ಆದರೂ ಅವನು ಬುಧವಾರದವರೆಗೆ ಕಾದ. ಆಮೇಲೆ ನೋಡಿದರೆ ಒಂದು ಪ್ಲೇಟಿನಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿದೆ.

ಗುರುವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ನೋಡಲು ಬಿಡುವ ಒಂದು ಗಂಟೆಗೆ ನಾನೂ ಅವನ ಜೊತೆ ಹೋದೆ. ದ್ರಾಕ್ಷಿ ಒಯ್ದಿದ್ದೆ. ಸಗ್ಡನ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದಿದ್ದ, ರೋಲು ಹಾಕುವ ನನ್ನ ಕ್ಯಾಮೆರಾ. ವಾರ್ಡಿನ ಹಿರಿಯ ನರ್ಸ್ ಅದನ್ನು ಬಾಗಿಲಲ್ಲೇ ಇಡಿಸಿಕೊಂಡಳು. ರೋಗಿಗಳ ಫೋಟೋ ತೆಗೆಯುವಂತಿಲ್ಲ, ಅದು ನಿಯಮ ಎಂದಳು. ನಿಯಮ ಎಂದ ಮೇಲೆ ಸಗ್ಡನ್ ವಾದಿಸುವವನಲ್ಲ. ಹಾಸಿಗೆಯ ಪಕ್ಕ ಕೂತು ಕೋಟಿನೊಳಗಿಂದ ಫೋಟೋ ತೆಗೆದು ಹೆಂಡತಿಯ ಕೈಗೆ ಕೊಟ್ಟ. ಕೊಟ್ಟು, ಚೌಕಟ್ಟು, ಪುಸ್ತಕ, ನಂಬರು ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ವಿವರಿಸಿದ. ಅವನ ಕಿವಿಗಳು ಕೆಂಪಾಗಿದ್ದವು.

ಎಂಜಿನ್ನಿನ ಮೂತಿ ಕಪ್ಪಲ್ಲವೇ, ಆ ಕಪ್ಪಿನೊಳಗೆ ಹೆಟ್ಟಿಯ ಮುಖ ಸ್ಪಷ್ಟವಾಗಿ ಮೂಡಿತ್ತು, ನಗುತ್ತಲೇ ಇತ್ತು. ಕೋಟಿನ ಎರಡು ಮಗ್ಗುಲಿಗೂ ಎಂಜಿನ್ನಿನ ಬಫರುಗಳು, ಕೈಚೀಲದ ಜಾಗದಲ್ಲಿ ಬೋಗಿ ಸೇರಿಸುವ ಕೊಂಡಿ. ಕಾಲು ಉಗಿಯಲ್ಲಿ ಕರಗಿಹೋಗಿತ್ತು. ಟೋಪಿಯ ಮೇಲುಗಡೆ ನೆಟ್ಟಗೆ 40958.

ಹೆಟ್ಟಿ ಬಹಳ ಹೊತ್ತು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

"ಅಂತೂ ನಂಗೂ ಒಂದು ನಂಬರ್ ಸಿಕ್ತಲ್ಲ," ಅಂದಳು. "ಇದನ್ನ ಪೆಟ್ಟಿಗೇಲಿ ಇಡು."

"ಇಡೋಕಾಗಲ್ಲ ಹೆಟ್ಟಿ. ಇದು ಕೆಟ್ಟ ಪ್ಲೇಟು. ಮೇಷ್ಟ್ರು ಏನಂತಾರೆ? ನೀನು ಮನೆಗೆ ಬಾ, ಸರಿಯಾದ್ದು ಒಂದು ತೆಗೀತೀನಿ."

"ಅದನ್ನೂ ತೆಗಿ. ಇದನ್ನ ಪೆಟ್ಟಿಗೇಲಿ ಇಡು. ಬೇಲಿ ದಾಟಿಸಿದ್ದಾಯ್ತು, ಇನ್ನೇನು?"

ಅವನು ನೋಡೋಣ ಅಂದ. ಗಂಟೆ ಹೊಡೆದರು, ನಾವು ಹೊರಗೆ ಬಂದೆವು. ಶುಕ್ರವಾರ ಆಪರೇಷನ್ ಆಯಿತು. ಮುಂದಿನ ಮಂಗಳವಾರ ಬೆಳಿಗ್ಗೆ ಹೆಟ್ಟಿ ತೀರಿಕೊಂಡಳು.

ಪೆಟ್ಟಿಗೆ ಅಕ್ಟೋಬರ್ ಕೊನೆಗೆ ಸಗ್ಡನ್ನನ ಮನೆಗೆ ಬಂತು. ಈ ಸಲ ಅವನು ಏನೂ ಇಡಲಾರ ಎಂದುಕೊಂಡು ತರಲು ಹೋದೆ. ಇಟ್ಟಿದ್ದ. ಅಂದವಾಗಿ ಕತ್ತರಿಸಿ, ರಟ್ಟಿಗೆ ಅಂಟಿಸಿ, ನಿಯಮದ ಪ್ರಕಾರ ಬೆನ್ನಿಗೆ ಚೀಟಿ ಹಚ್ಚಿದ್ದ. ಚೀಟಿಯ ತಲೆಯಲ್ಲಿ ಅವನ ಗುಮಾಸ್ತನ ಅಕ್ಷರ: "ಹೆಟ್ಟಿ ಸಗ್ಡನ್, ಕ್ರಿಮ್ಸ್‌ಡೇಲ್ ಏರು, ಮಧ್ಯಾಹ್ನ 1.50. ಹಾಗೂ 40958, ಮಧ್ಯಾಹ್ನ 2.15ರ ಗಾಡಿ." ಅಂಗಡಿಯಿಂದ ತಂದ ಕೇಕು ಇತ್ತು, ತಿಂದೆವು. ಮನೆಗೆ ಹೋಗಿ ಚೀಟಿಯ ಮುಂದೆ ಪೆನ್ನು ಹಿಡಿದು ಮೂರು ದಿನ ಕೂತೆ. ಕೊನೆಗೆ ಬಿಸಿಲು ಚೆನ್ನಾಗಿ ಬಿದ್ದಿದೆ ಎಂದು ಬರೆದೆ. ಅದಕ್ಕಿಂತ ಒಳ್ಳೆಯದು ನನ್ನ ಕೈಯಲ್ಲಿ ಆಗಲಿಲ್ಲ.

ಆಮೇಲೆ ಪೆಟ್ಟಿಗೆ ತನ್ನ ಸುತ್ತು ಹೊರಟಿತು. ಮೇಷ್ಟ್ರ ಹತ್ತಿರ ಹೋದದ್ದು ಅಲ್ಲೇ ನಿಂತುಬಿಟ್ಟಿತು. ನಾಲ್ಕು ದಿನದ ನಿಯಮ ಮಾಡಿದವರು ಅವರೇ, ಹದಿನೇಳು ದಿನ ಇಟ್ಟುಕೊಂಡರು. ಅಷ್ಟು ದಿನವೂ ಸಗ್ಡನ್ ಕಚೇರಿಯಿಂದ ಬರುತ್ತಲೇ ಅಂಚೆಯವನನ್ನು ವಿಚಾರಿಸುತ್ತಿದ್ದನಂತೆ. ಹೆಟ್ಟಿಯನ್ನು ಪೆಟ್ಟಿಗೆಯಿಂದ ಹೊರಹಾಕಿದರೆ ಏನು ಮಾಡುವುದು ಎಂದು ನನ್ನನ್ನು ಒಮ್ಮೆ ಕೇಳಿದ.

ಪೆಟ್ಟಿಗೆ ಬಂದ ದಿನ ಅವನು ನಾನು ಹೋಗುವವರೆಗೆ ಅದನ್ನು ಬಿಚ್ಚಿರಲಿಲ್ಲ. ಇಬ್ಬರೂ ಕೂತು ಚೀಟಿ ಓದಿದೆವು. ನನ್ನ ಬಿಸಿಲು ಮೊದಲಿತ್ತು. ಕೆಳಗೆ ಒಬ್ಬ, ನಂಬರು ಸ್ಪಷ್ಟವಾಗಿದೆ ಎಂದು ಬರೆದಿದ್ದ. ಇನ್ನೊಬ್ಬ ಪ್ಲೇಟು ತಿರುಗಿಸಲು ಮರೆತಿರಬಹುದೇ ಎಂದು ಕೇಳಿದ್ದ, ಅವನ ಬುದ್ಧಿಗೆ ಬೆಂಕಿ ಬೀಳ. ಕೆಲವರು ಹೆಸರು ಮಾತ್ರ ಬರೆದು ಮುಂದೆ ಕಳಿಸಿದ್ದರು. ಎಲ್ಲಕ್ಕಿಂತ ಕೆಳಗೆ ಕೆಂಪು ಶಾಯಿಯಲ್ಲಿ ಆರ್ಮರಾಡ್ ಮೇಷ್ಟ್ರು ಬರೆದಿದ್ದರು: "ಎಂಜಿನ್ ಅಡ್ಡ ಬಂದಿದೆ. ಇಲ್ಲದಿದ್ದರೆ ಒಳ್ಳೆಯ ಚಿತ್ರ."

ಸಗ್ಡನ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇನ್ನೊಮ್ಮೆ ಓದಿದ.

"ಮೇಷ್ಟ್ರು ಹೇಳೋದು ಸರಿ," ಅಂದ.