ಆಟ ಮುಗಿಯುವವರೆಗೆ

ಮೊನ್ನೆ ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗನ್ನು ಮೂಲೆಗೆಸೆದು, ನನ್ನ ಸೀರೆಗೆ ಕೈ ಒರೆಸಿದಳು. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ, ಜೊತೆಗೆ ಬೆವರು, ಬಿಸಿಲಿಗೆ ಕಾದ ಮಣ್ಣು... ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಅಲ್ಲೇ ಕೂತುಬಿಟ್ಟೆ. "ಅಮ್ಮಾ, ನಾನು ಕಬಡ್ಡಿಗೆ ಸೇರ್ಕೊಂಡೆ," ಎಂದಳು. ಅಯ್ಯೋ ದೇವರೇ, ಇವಳಿಗೆ ಬೇರೆ ಆಟವೇ ಸಿಗಲಿಲ್ಲವೇ!

ನಮ್ಮ ಮಾಸ್ಟರ್ ನೆನಪಾದರು. ನೆನಪಾದರು ಎಂದರೆ ಸುಳ್ಳು. ಮರೆತಿದ್ದರೆ ತಾನೇ ನೆನಪಾಗುವುದು?

ಪಲ್ಲಡಂನಲ್ಲಿ ನಮ್ಮ ಸ್ಕೂಲಿನ ಹುಡುಗಿಯರಿಗೆ ಅವರು ಕಬಡ್ಡಿ ಕಲಿಸುತ್ತಿದ್ದರು. ನಮ್ಮ ಹಾಗೆಯೇ ನೇಯ್ಗೆಯ ಮನೆಯವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಂಡದಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ. ಎಲ್ಲರನ್ನೂ ತಮಿಳಿನಲ್ಲಿ ಬಾಯಿತುಂಬ ಬೈದು, ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ, "ಕಣ್ಣು, ಸಾಪಾಟು ಆಯ್ತಾ?" ಎಂದು ನಮ್ಮ ಕನ್ನಡದಲ್ಲಿ ಅಕ್ಕರೆಯಿಂದ ಊಟ ವಿಚಾರಿಸುತ್ತಿದ್ದರು. ಉಳಿದವರಿಗೆ ಹೊಟ್ಟೆಯುರಿ. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವರಿಗೆ ಮದುವೆಯಾಗಿರಲಿಲ್ಲ. ಮಗ್ಗದ ಮುಂದೆ ಹತ್ತಿಧೂಳು ಕುಡಿದು ಎದೆ ಕೆಡಿಸಿಕೊಂಡ ಅವ್ವ ಹಾಸಿಗೆ ಹಿಡಿದಿದ್ದರು. ಅವರಿಗೆ ಗಂಜಿ ಕುಡಿಸಿ, ತಂಗಿಯ ವಶಕ್ಕೆ ಬಿಟ್ಟು, ಬೆಳಿಗ್ಗೆ ಆರಕ್ಕೆಲ್ಲ ಮಾಸ್ಟರ್ ಮೈದಾನದಲ್ಲಿರುತ್ತಿದ್ದರು.

ಆ ವರ್ಷ ನಾವು ಫೈನಲ್ ತಲುಪಿದೆವು. ಆಟ ಅವಿನಾಶಿಯಲ್ಲಿ. ನಮ್ಮ ಸ್ಕೂಲು ಫೈನಲ್‌ವರೆಗೆ ಹೋದದ್ದು ಅದೇ ಮೊದಲು. ನನ್ನ ಹಣೆಬರಹ ನೋಡಿ, ಹಿಂದಿನ ದಿನವೇ ಪಾದ ಉಳುಕಿ ಗೆರೆಯ ಹೊರಗೆ ಕೂತಿದ್ದೆ. ಮಾಸ್ಟರ್ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, "ಅವ್ವನ ವಿಷಯ ಏನಾದ್ರೂ ಬಂದ್ರೆ ಒಡನೇ ಹೇಳು," ಎಂದಿದ್ದರು.

ಬಂತು. ನಾವು ಎರಡು ಪಾಯಿಂಟ್ ಹಿಂದಿದ್ದೆವು. ಆಟ ಇನ್ನೂ ಹದಿನೈದು ನಿಮಿಷ ಇತ್ತು.

"ಯಾರ್ ಕಣ್ಣು ಮಾತಾಡೋದು? ಅಣ್ಣಂಗೆ ಹೇಳು, ಅವ್ವಗೆ ಮೂಚ್ಚು ಮೇಲೆ ಮೇಲೆ ಎಳೀತಾ ಅದೆ, ಉಸಿರು ನಿಲ್ಲೋ ಹಂಗದೆ. ಹಾಲು ಬಿಡೋಕೆ ಅವನೇ ಬೇಕು. ಕಳ್ಸು ಅವನ್ನ!" ಮಾಸ್ಟರ ತಂಗಿ. "ಸರಿ ಅಕ್ಕ, ಹೇಳ್ತೀನಿ," ಎಂದೆ.

ಹೋಗುವ ಜೀವದ ಬಾಯಿಗೆ ಮಗ ಹಾಲು ಬಿಡಬೇಕು ನಮ್ಮಲ್ಲಿ. ಅದಕ್ಕಾಗಿ ಉಸಿರು ಹಿಡಿದು ಕಾಯುತ್ತಾರೆ ಎಂದು ನಂಬುವ ಜನ ನಾವು. ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ನಮ್ಮಜ್ಜಿಗೆ ಅಪ್ಪ ಬಿಟ್ಟದ್ದನ್ನು ಕಣ್ಣಾರೆ ನೋಡಿದ್ದೆ.

ಪಕ್ಕದ ಹುಡುಗಿ ಯಾರೆಂದು ಕೇಳಿದಳು. "ಏನಿಲ್ಲ, ಊಟ ಆಯ್ತಾ ಅಂತ ಕೇಳ್ತಾರೆ," ಎಂದು ತಮಿಳಿನಲ್ಲಿ ಹೇಳಿದೆ. ಅವಳಿಗೆ ಕನ್ನಡ ಬಂದರೆ ತಾನೇ! ಮಾಸ್ಟರ್ ಹತ್ತು ಹೆಜ್ಜೆ ದೂರದಲ್ಲಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಅವರು ಹೊರಟರೆ ನಮ್ಮವರ ಕೈಕಾಲು ಬಿದ್ದುಹೋಗುತ್ತವೆ. ಹದಿನೈದು ನಿಮಿಷ ತಾನೇ, ಅಷ್ಟರಲ್ಲಿ ಏನಾಗುತ್ತದೆ, ಎಂದುಕೊಂಡೆ. ಫೋನನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡೆ.

ಒಂದು ಪಾಯಿಂಟಿನಲ್ಲಿ ಗೆದ್ದೆವು. ಹುಡುಗಿಯರು ಅವರನ್ನು ಎತ್ತಿ ಕುಣಿದು ಇಳಿಸಿದ ಮೇಲೆ ಹೋಗಿ, "ಈಗ ತಾನೇ ಫೋನ್ ಬಂತು ಮಾಸ್ಟರ್," ಎಂದೆ. ಅವರು ಫೋನು ತೆಗೆದುಕೊಂಡು ನೋಡಿದರು. ಕರೆ ಬಂದ ಹೊತ್ತು ಅದರಲ್ಲೇ ಇರುತ್ತದೆ ಎಂಬುದು ನನ್ನ ಮಂಡೆಗೆ ಹೊಳೆದಿರಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಬೈಕ್ ಹತ್ತಿದರು. ಅವರು ಮನೆ ಮುಟ್ಟುವ ಸ್ವಲ್ಪ ಮೊದಲು ಹಾಲನ್ನು ತಂಗಿಯೇ ಬಿಟ್ಟಿದ್ದರಂತೆ...

ನಾಲ್ಕನೇ ದಿನ ನಮ್ಮಮ್ಮನ ಜೊತೆ ಅವರ ಮನೆಗೆ ಮಾತಾಡಿಸಲು ಹೋದೆ. ಮಾಸ್ಟರ್ ತಲೆ ಬೋಳಿಸಿಕೊಂಡು ಗೋಡೆಗೆ ಒರಗಿದ್ದರು. ನಾನು ಬಾಯಿ ಬಿಟ್ಟು ಎರಡು ಮಾತಾಡಿದ್ದೇ ತಡ, ಅವರ ತಂಗಿ ತಲೆಯೆತ್ತಿದರು.

"ಅವತ್ತು ಫೋನ್ ಎತ್ತಿದ್ದು ನೀನು ತಾನೇ? ಕನ್ನಡದಲ್ಲಿ ಸರಿ ಅಕ್ಕ ಅಂದವಳು?"

ನಾನು ಅಮ್ಮನ ಹಿಂದೆ ಸರಿದೆ.

"ಅವಳ್ನ ಯಾಕೆ ಕೇಳ್ತೀಯ?" ಎಂದರು ಮಾಸ್ಟರ್. "ಅವಳು ಆಗ್ಲೇ ಬಂದು ಹೇಳಿದ್ಲು. ಆಟ ಮುಗೀಲಿ ಅಂತ ನಾನೇ ನಿಂತೆ."

ತಂಗಿ ಅಣ್ಣನನ್ನೇ ನೋಡಿದರು. "ಅವ್ವಗಿಂತ ನಿಂಗೆ ಆಟ ದೊಡ್ದಾಯ್ತಾ ಅಣ್ಣಾ?" ಎಂದರು. ಆಗಲೂ ನಾನು ನಿಜ ಹೇಳಲಿಲ್ಲ. ಸಾವಿನ ಮನೆಯಲ್ಲಿ ಹೋಗಿ ಬರ್ತೀವಿ ಎನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ಅವತ್ತು ಆ ಪದ್ಧತಿ ನನಗೆ ಎಷ್ಟು ಅನುಕೂಲವಾಯಿತೆಂದರೆ, ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಮಾಸ್ಟರ್ ಒಂದು ತಿಂಗಳು ರಜೆ ಎಂದು ಹೇಳಿ ಕಳಿಸಿದರು. ನಾವು ದಿನಾ ಸಂಜೆ ಮೈದಾನಕ್ಕೆ ಹೋಗಿ ನಿಲ್ಲುತ್ತಿದ್ದೆವು. ಬಂದಾಗ ಕಾಲಿಗೆ ಬಿದ್ದು ಎಲ್ಲ ಹೇಳಿಬಿಡಬೇಕು, ಅವರ ತಂಗಿಗೂ ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ತಿಂಗಳು ಮೂರಾಯಿತು. ಬೇರೆ ಮಾಸ್ಟರ್ ಬಂದರು. ತಂಗಿ ಮಾತು ಬಿಟ್ಟಿದ್ದಾರೆ, ಇವರು ವಾಲ್ಪಾರೈಗೆ ಹೋಗಿ ಟೀ ಎಸ್ಟೇಟಿನಲ್ಲಿ ಏನೋ ಕೆಲಸ ಹಿಡಿದಿದ್ದಾರೆ ಎಂದು ಕೇಳಿದೆ. ಬಸ್ಸು ಹತ್ತಿದ್ದರೆ ಅರ್ಧ ದಿನದ ದಾರಿ. ನಾನು ಹತ್ತಲಿಲ್ಲ. ಮದುವೆಯಾಯಿತು, ತಿರುಪ್ಪೂರಿಗೆ ಬಂದೆ, ಮಗಳು ಹುಟ್ಟಿದಳು. ಕೈಯಲ್ಲಿ ಎಷ್ಟೇ ಕೆಲಸವಿದ್ದರೂ ಫೋನು ರಿಂಗಾದರೆ ಎಲ್ಲ ಬಿಟ್ಟು ಓಡಿ ಎತ್ತುತ್ತೇನೆ. ಗಂಡ ನಗುತ್ತಾರೆ.

ಕಳೆದ ವರ್ಷ ಮಾಸ್ಟರ್ ಅಲ್ಲೇ ತೀರಿಕೊಂಡರು. ತಂಗಿ ಮಣ್ಣಿಗೂ ಹೋಗಲಿಲ್ಲ ಎಂದು ಅಮ್ಮ ಹೇಳಿದಳು.

ಮಗಳು ಕಬಡ್ಡಿ ಎಂದ ದಿನ ಇದನ್ನೆಲ್ಲ ಬರೆಯಲು ಕೂತೆ. ಕನ್ನಡ ಅಕ್ಷರ ನನಗೆ ಗಂಡ ಕಲಿಸಿದ್ದು. ನಾಲ್ಕು ಸಾಲು ಬರೆಯುವಷ್ಟರಲ್ಲಿ ನಾಚಿಕೆಯಾಯಿತು. ಮಾಸ್ಟರ ಮನೆಯಲ್ಲಿ ಯಾರಿಗೂ ಈ ಅಕ್ಷರ ಓದಲು ಬರುವುದಿಲ್ಲ. ಮತ್ತೆ ಅದೇ ಕಳ್ಳಬುದ್ಧಿ! ಮರುದಿನವೇ ಪಲ್ಲಡಂ ಬಸ್ಸು ಹತ್ತಿದೆ.

ಮಾಸ್ಟರ ತಂಗಿಯ ತಲೆ ಪೂರ್ತಿ ನರೆತಿತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆಸಿಕೊಳ್ಳೋಣ ಎಂದಿದ್ದೆ. ಅವರು ಅಲ್ಲೇ ಹೊಸಿಲ ಮೇಲೆ ಕೂತರು.

"ಹದ್ನೈದು ವರ್ಷ ಅವನ ಮುಖ ನೋಡ್ಲಿಲ್ಲ ನಾನು," ಎಂದರು. "ದೀಪಾವಳಿಗೆಲ್ಲ ಬಂದು ಬಾಗ್ಲಲ್ಲಿ ನಿಂತು ಕರೀತಿದ್ದ. ಒಳಗಿಂದ ಏಳ್ಲಿಲ್ಲ. ಈಗ ಬಂದು ಹೇಳ್ತೀಯಲ್ಲ... ನಾನು ಯಾರ ಹತ್ರ ಹೋಗಿ ಮಾತಾಡ್ಲಿ, ಹೇಳು?"