ಜೋಳದ ರಕ್ತ

ಗಂಗಾವತಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಟೆಕ್ನಿಷಿಯನ್ ಒಬ್ಬರು ಹೆಸರಿಗಿಂತ ಮೊದಲು ಊರು ಕೇಳುತ್ತಿದ್ದರು. ಕಾಲು ಊದಿಸಿಕೊಂಡು ಬಂದವರು ಶ್ರೀರಾಮನಗರ ಎಂದರೆ ಸಾಕು, ಇವರು ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಲೇ ತೀರ್ಪು ಕೊಡುತ್ತಿದ್ದರು. "ಯೂರಿಕ್ ಆಸಿಡ್ ಏರಿರತೈತ್ರಿ. ನಿಮ್ಮ ಹಿರ್ಯಾರು ಆಂಧ್ರದ ಕಡಿಂದ ಬಂದವರು, ಮೀನು ತಿಂದ ರಕ್ತ." ಯಲಬುರ್ಗಾ ಎಂದರೆ ಮಾತ್ರ ಮುಖ ಅರಳುತ್ತಿತ್ತು. ಅದು ಅವರದೇ ಊರು. "ನಮ್ದು ಜ್ವಾಳದ ರಕ್ತ ನೋಡ್ರಿ. ಮಷಿನ್ನಿಗೆ ಹಾಕೂದೂ ದಂಡ!" ಕೊನೆಗೆ, "ರಕ್ತ ಸುಳ್ಳು ಹೇಳೂದಿಲ್ರಿ," ಎಂಬುದು ಬಂದೇ ಬರುತ್ತಿತ್ತು.

ಒಂದು ಮುಂಜಾನೆ ನಾನು ಸಕ್ಕರೆ ಪರೀಕ್ಷೆಗೆಂದು ಹೋದಾಗ ಅವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಕುಂಟುತ್ತಿದ್ದರು. ಇನ್ನೊಂದು ಕಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಶ್ರೀರಾಮನಗರದ ರೈತರೊಬ್ಬರ ರಕ್ತದ ಜೊತೆ ತಮ್ಮದನ್ನೂ ಮಷಿನ್ನಿಗೆ ಇಟ್ಟಿದ್ದರು. ರೈತರ ಯೂರಿಕ್ ಆಸಿಡ್ ಸರಿಯಾಗಿಯೇ ಇತ್ತು. ಏರಿದ್ದು ಇವರದು.

"ಟ್ಯೂಬ್ ಅದಲಬದಲ ಆಗ್ಯಾವ," ಎಂದು ಇಬ್ಬರದೂ ಮತ್ತೆ ತೆಗೆದರು. ಮತ್ತೆ ಅದೇ ಬಂತು. ಮೂರನೆಯ ಸಲ ಸೂಜಿ ಹಿಡಿದು ಬಂದಾಗ ರೈತರು ಅಂಗಿಯ ತೋಳು ಇಳಿಸಿಕೊಂಡರು.

"ಸಾಕ್ರಿ ಸರ. ರಕ್ತ ಸುಳ್ಳು ಹೇಳೂದಿಲ್ಲಂತ ನೀವ ಅಂತೀರಲ್ರಿ?"

ಟೆಕ್ನಿಷಿಯನ್ ಸೂಜಿ ಕೆಳಗಿಟ್ಟರು. ಕುಂಟುತ್ತಾ ಬಾಗಿಲಿಗೆ ಹೋಗಿ, ಊರಲ್ಲಿದ್ದ ತಾಯಿಗೆ ಫೋನು ಹಚ್ಚಿದರು.

"ಯವ್ವಾ, ಖರೇ ಹೇಳು. ನಮ್ಮ ಹಿರ್ಯಾರು ಮೊದಲಿಂದ ಯಲಬುರ್ಗಾದವರ ಹೌದಿಲ್ಲೋ?"