ಅಳತೆ ರವಿಕೆಗಳ ಗಂಟು

ನನಗೆ ಏಳು ತಿಂಗಳು ತುಂಬಿದಾಗ ಪಕ್ಕದ ಮನೆಯ ಸ್ಕೂಲು ಮೇಡಂ ಕೇಳಿದರು, "ನಿಮಗೆಷ್ಟು ದಿನ ರಜ ರೀ?" ಅವರಿಗೆ ಹೆರಿಗೆಗೆ ಸಂಬಳದ ಸಮೇತ ರಜ ಸಿಕ್ಕಿತ್ತು. ನಾನೋ, ಜಯನಗರದ ಮೂರನೇ ಬ್ಲಾಕಿನ ಬಾಡಿಗೆ ಮನೆಯ ಜಗುಲಿಯಲ್ಲಿ ಮೆಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದವಳು. "ನನಗೆ ರಜ ಕೊಡೋ ಮಹಾರಾಯ ಯಾರು ಮೇಡಂ? ಅರ್ಜಿ ಬರೆಯೋಳೂ ನಾನೇ, ಆಗಲ್ಲ ಅನ್ನೋಳೂ ನಾನೇ," ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಒಳಗೆ ಬಂದು ಒಬ್ಬಳೇ ಕೂತು ಅತ್ತೆ.

ಅಳುವುದಕ್ಕೆ ಕಾರಣವಿತ್ತು. ನಮ್ಮ ಯಜಮಾನರದು ಟೆಂಪರರಿ ಗುಮಾಸ್ತೆ ಕೆಲಸ. ಇವತ್ತಿದೆ, ನಾಳೆ ಇಲ್ಲ. ಸಂಸಾರ ನಿಂತಿದ್ದು ನನ್ನ ಮೆಷಿನ್ನಿನ ಮೇಲೆ, ಮೆಷಿನ್ನು ನಿಂತಿದ್ದು ಹನ್ನೊಂದು ಮನೆಯ ಹೆಂಗಸರ ಮೇಲೆ. ಅವರಾದರೂ ಮೊದಲಿಂದ ನನ್ನವರೇನಲ್ಲ. ಪಕ್ಕದ ಸಿದ್ದಾಪುರದಲ್ಲಿ ಒಬ್ಬಾಕೆ ಹೊಲಿಯುತ್ತಿದ್ದರು. ಆಕೆ ಬಾಣಂತನಕ್ಕೆಂದು ತವರಿಗೆ ಹೋದಾಗ ಈ ಹೆಂಗಸರು ಒಬ್ಬೊಬ್ಬರಾಗಿ ನನ್ನ ಜಗುಲಿ ಹತ್ತಿದ್ದರು. ಆಕೆ ಕೂಸನ್ನೆತ್ತಿಕೊಂಡು ವಾಪಸ್ ಬರುವ ಹೊತ್ತಿಗೆ ಅಲ್ಲಿ ಯಾರೂ ಉಳಿದಿರಲಿಲ್ಲ. ಆಗ ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ, ನಿಜ ಹೇಳುತ್ತೇನೆ. ಎಲ್ಲ ನನ್ನ ಕೈಗುಣ ಅಂದುಕೊಂಡಿದ್ದೆ. ಈಗ ಸರದಿ ನನ್ನದಾಗಿತ್ತು.

ಆಗೆಲ್ಲ ಮರ್ಯಾದಸ್ಥ ಹೆಂಗಸರು ಟೇಪು ಹಿಡಿಸಿಕೊಳ್ಳುತ್ತಿರಲಿಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ತಂದುಕೊಟ್ಟರೆ ಅದನ್ನು ನೋಡಿಯೇ ಹೊಸದನ್ನು ಕತ್ತರಿಸಬೇಕು. ಅದೇ ಅಳತೆ ರವಿಕೆ. ಅದೊಂದು ಕೈಯಲ್ಲಿದ್ದರೆ ಯಾವ ಟೈಲರಿಗೆ ಬೇಕಾದರೂ ಬಟ್ಟೆ ಕೊಡಬಹುದು. ಇಲ್ಲದಿದ್ದರೆ ಅಂಗಡಿಗೆ ಹೋಗಿ ಗಂಡಸಿನ ಮುಂದೆ ನಿಲ್ಲಬೇಕು. ಮನೆಯಲ್ಲಿದ್ದ ಬೇರೆ ರವಿಕೆಗಳು ಒಗೆದು ಕುಗ್ಗಿಯೋ, ಬಿಚ್ಚಿ ಹೊಲಿದೋ ಅಳತೆಗೆ ಒದಗುತ್ತಿರಲಿಲ್ಲ. ಸಲಸಲಕ್ಕೂ ತರುವುದು ಯಾಕೆಂದು ಹನ್ನೊಂದು ಜನವೂ ತಮ್ಮ ಅಳತೆಯನ್ನು ನನ್ನ ಹತ್ತಿರವೇ ಬಿಟ್ಟಿದ್ದರು.

ತವರಿಗೆ ಹೊರಡುವ ಹಿಂದಿನ ದಿನ ಆ ಹನ್ನೊಂದನ್ನೂ ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಜೊತೆಗೆ ಒಯ್ಯುವ ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದೆ. ಮರೆತಲ್ಲ, ಬೇಕೆಂದೇ. ಹೋಗಲಿ ನೋಡೋಣ, ಯಾರು ಎಲ್ಲಿಗೆ ಹೋಗುತ್ತಾರೋ ಎಂದು ಮನಸ್ಸಿನಲ್ಲೇ ಬೀಗಿದ್ದೂ ಉಂಟು.

ಮಾಗಡಿಯ ತವರುಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೂರು ಹೊತ್ತೂ ಮೆಣಸಿನ ಸಾರು. ಸೂಜಿ ಮುಟ್ಟಿದರೆ ಅಮ್ಮ ಹೌಹಾರುತ್ತಿದ್ದಳು, ಬಾಣಂತಿಗೆ ಕಣ್ಣು ಹೋಗುತ್ತದಂತೆ. ಸುಮ್ಮನೆ ಮಲಗಿ ತೊಲೆ ನೋಡುವುದು ನನ್ನಂಥವಳಿಗೆ ಶಿಕ್ಷೆ. ಒಂದು ದಿನ ಅಮ್ಮ ಟ್ರಂಕನ್ನು ಸರಿಸುತ್ತಾ, "ಏನಿಟ್ಟಿದ್ದೀಯೇ ಇದರಲ್ಲಿ, ಇಷ್ಟು ಭಾರ?" ಎಂದಳು. "ನಿನಗ್ಯಾಕೆ ಅದೆಲ್ಲ?" ಎಂದು ರೇಗಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು.

ಬಾಣಂತನದ ಎರಡನೇ ತಿಂಗಳಲ್ಲಿ ಯಜಮಾನರ ಕಾರ್ಡು ಬಂತು. ಹಿಂದಿನ ರಸ್ತೆಯ ಅಮ್ಮನವರು ಮೂರು ಸಲ ಬಂದು ಹೋದರು, ಮಗಳಿಗೆ ಮದುವೆ ಗೊತ್ತಾಗಿದೆಯಂತೆ, ಅವರ ಅಳತೆ ರವಿಕೆ ಎಲ್ಲಿಟ್ಟಿದ್ದೀಯ ಎಂದು ಬರೆದಿದ್ದರು.

ಆ ಅಮ್ಮನವರಿಗೆ ಐವತ್ತರ ಹತ್ತಿರ. ಚಿಕ್ಕಂದಿನಲ್ಲಿ ಅಟ್ಟದಿಂದ ಬಿದ್ದು ಎಡಹೆಗಲು ಇಳಿದುಬಿಟ್ಟಿತ್ತು. ಅದು ಯಾರಿಗೂ ತಿಳಿಯಬಾರದೆಂದು ಬೇಸಿಗೆಯಲ್ಲೂ ಸೆರಗು ಹೊದ್ದಿರುತ್ತಿದ್ದರು. ಮೂರು ಸಲ ಬಿಚ್ಚಿ ಹೊಲಿದ ಮೇಲೆ, ಎಡಗಡೆ ಒಳಗೆ ಬಟ್ಟೆಯ ಮಡಿಕೆ ಕೊಟ್ಟು, ತೋಳನ್ನು ಬೇರೆ ಥರ ಕೂಡಿಸಿ, ಅವರಿಗೊಂದು ರವಿಕೆ ಸರಿಮಾಡಿದ್ದೆ. ಅದನ್ನು ತೊಟ್ಟು ಕನ್ನಡಿ ನೋಡಿ, "ಎರಡೂ ಸಮ ಕಾಣ್ತಿದೆಯಲ್ಲೇ!" ಎಂದು ನನ್ನ ಕೈ ಹಿಡಿದುಕೊಂಡಿದ್ದರು. ಅಂಥದ್ದು ಅವರ ಹತ್ತಿರ ಇನ್ನೊಂದಿರಲಿಲ್ಲ, ಆ ರವಿಕೆಯೇ ಅವರ ಅಳತೆ.

ಕಾರ್ಡು ಬಂದ ದಿನವೇ ನಮ್ಮ ಸೋದರಮಾವ ಬೆಂಗಳೂರಿಗೆ ಹೊರಟಿದ್ದ. "ನಿನ್ನ ಮನೆಗೆ ಏನಾದ್ರೂ ಕಳಿಸೋದಿದ್ಯೇನೇ?" ಎಂದು ಬಾಗಿಲಲ್ಲಿ ನಿಂತು ಕೇಳಿದ. ಟ್ರಂಕಿನ ಬೀಗದ ಕೈ ನನ್ನ ದಿಂಬಿನಡಿಯಲ್ಲೇ ಇತ್ತು. ಇವರೊಬ್ಬರು ಬೇರೆ ಕಡೆ ಹೊಲಿಸಿದರೆ ಉಳಿದ ಹತ್ತು ಜನವೂ ಕುರಿಮಂದೆಯ ಹಾಗೆ ಅವರ ಹಿಂದೆಯೇ ಹೋಗುತ್ತಾರೆ ಅನ್ನಿಸಿತು. "ಏನೂ ಇಲ್ಲ ಮಾವ," ಎಂದೆ.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಮಗುವಿಗೆ ಹಾಲು ಸಾಲದೆ ಅದು ಕಿರಿಚುತ್ತಿತ್ತು. "ಬಾಣಂತಿ ಹೀಗೆ ಕೊರಗಿದ್ರೆ ಹಾಲು ಬತ್ತತ್ತೆ ಕಣೇ. ಅದೇನು ಅಂತ ಬಾಯಿ ಬಿಡು," ಎಂದು ಅಮ್ಮ ಬೇಡಿಕೊಂಡಳು. ನಾನು ಬಿಡಲಿಲ್ಲ. ಇನ್ನೊಂದು ದಾರಿಯೂ ಇತ್ತು, ಅಂಚೆಯಲ್ಲಿ ಕಳಿಸಬಹುದಿತ್ತು. ದಿನಾ ನಾಳೆ, ನಾಳೆ ಎಂದುಕೊಂಡೇ ಮದುವೆಯ ದಿನ ಕಳೆದುಹೋಯಿತು.

ಮೂರು ತಿಂಗಳು ಮುಗಿಸಿ ಜಯನಗರಕ್ಕೆ ಬಂದೆ. ನನ್ನ ಉಪಾಯ ಫಲಿಸಿತ್ತು! ವಾರದೊಳಗೆ ಹತ್ತು ಜನವೂ ಬಟ್ಟೆ ಹಿಡಿದು ಬಂದರು. "ಏನಮ್ಮಾ, ನಮ್ಮ ರವಿಕೇನೂ ಬಾಣಂತನಕ್ಕೆ ಕರ್ಕೊಂಡು ಹೋಗಿದ್ದೆಯಂತೆ?" ಎಂದು ಒಬ್ಬಾಕೆ ಹಾಸ್ಯ ಮಾಡಿದರು. ನಾನೂ ನಕ್ಕೆ. ಹಿಂದಿನ ರಸ್ತೆಯ ಅಮ್ಮನವರು ಮಾತ್ರ ಬರಲಿಲ್ಲ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಬಂದರು. ಮಗುವಿನ ಬಾಯಿಗೆ ಸಕ್ಕರೆ ಮುಟ್ಟಿಸಿ, ದೃಷ್ಟಿ ನಿವಾಳಿಸಿದರು. ಆಮೇಲೆ, "ನನ್ನ ಅಳತೆ ರವಿಕೆ ಕೊಡಮ್ಮ," ಎಂದರು. ತಂದುಕೊಟ್ಟೆ. ಮದುವೆ ಚೆನ್ನಾಗಾಯಿತೇ ಎಂದು ಕೇಳಿದೆ, ಬೇರೇನು ಕೇಳಲಿ?

"ಆಯ್ತಮ್ಮ. ಎರಡು ದಿನ ಟೈಲರ್ ಅಂಗಡಿವರೆಗೂ ಹೋಗಿ ವಾಪಸ್ ಬಂದೆ. ಮೂರನೇ ದಿನ ವಿಧಿಯಿಲ್ಲದೆ ಒಳಗೆ ಹೋದೆ. ಸೆರಗು ತೆಗೀರಿ ಅಂದ. ಎಡಗಡೆ ಎರಡು ಇಂಚು ಇಳಿದಿದೆ, ಬರ್ಕೋ ಅಂತ ಒಳಗಿದ್ದೋನಿಗೆ ಕೂಗಿ ಹೇಳ್ದ. ಅಲ್ಲಿದ್ದೋರೆಲ್ಲ ತಿರುಗಿ ನೋಡಿದ್ರು. ಬೀಗರ ಕಡೆಯೋರೂ ಒಬ್ರಿದ್ರು."

ಕಪಾಳಕ್ಕೆ ಎರಡು ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ. "ತಪ್ಪಾಯ್ತಮ್ಮ. ನೀವೆಲ್ಲ ಕೈಬಿಟ್ಟು ಹೋಗ್ತೀರಿ ಅಂತ ಭಯ ಬಿದ್ದೆ," ಎಂದೆ.

"ಗೊತ್ತು ಕಣಮ್ಮ. ಹೊಟ್ಟೆಪಾಡು. ಆದ್ರೆ ನಾನು ನಿನ್ನ ಬಿಟ್ಟು ಎಲ್ಲಿಗೆ ಹೋಗ್ತಿದ್ದೆ ಹೇಳು? ಮದುವೆಗೆ ಒಂದು ಹೊಲಿಸ್ಕೊಂಡು, ಮಿಕ್ಕಿದ್ದು ನೀನು ಬಂದ ಮೇಲೆ ಅಂತಿದ್ದೆ."

ಇನ್ನು ಮೇಲೆ ನಿಮ್ಮ ಮನೆಗೇ ಬಂದು ಬಟ್ಟೆ ತೆಗೆದುಕೊಂಡು ಹೋಗುತ್ತೇನೆ, ಎಲ್ಲ ಕೆಲಸ ಬಿಟ್ಟು ಮೊದಲು ನಿಮ್ಮದೇ ಹೊಲಿಯುತ್ತೇನೆ ಎಂದು ಗೋಗರೆದೆ. ಅವರು ರವಿಕೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

"ಬೇಡ ಬಿಡಮ್ಮ. ಅವನ ಹತ್ರ ನನ್ನ ಅಳತೆ ಇದೆ. ನಾಚಿಕೆ ಪಡೋದೆಲ್ಲ ಪಟ್ಟಾಯ್ತು, ಇನ್ನು ಅಲ್ಲೇ ಕೊಡ್ತೀನಿ."